ಹಾಡುಗಳಿಗೆ ಇನ್ನೊಂದು ಮನೆ

ದೀಪಾವಳಿಯಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು, ರಾತ್ರಿಯೆಲ್ಲ ಮನೆಮನೆಗೆ ಹಾಡಿಕೊಂಡು ಬರುತ್ತಾರೆ. ಸುಮಾರು ವರ್ಷಗಳಿಂದ ಅವರ ಹಾಡನ್ನು ರೆಕಾರ್ಡ್ ಮಾಡಿಕೊಳ್ಳುತ್ತಾ ಬಂದಿದ್ದೇನೆ. ಹಾಡಿದ ಹಿರಿಯರಲ್ಲಿ ಕೆಲವರು ಈಗಿಲ್ಲ. ಆ ಫೈಲು ಹೋದರೆ ಮತ್ತೆ ಹಾಡಿಸೋಕೆ ಯಾರನ್ನು ಕರೆಯೋದು?

24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಒಂದು ಗಂಟೆಯ ಹಾಡು ಸುಮಾರು 1 ಜಿಬಿ ಆಗುತ್ತದೆ. ನಮ್ಮೂರಿನ ನೆಟ್‌ವರ್ಕಲ್ಲಿ ಇಷ್ಟನ್ನೆಲ್ಲ ಕ್ಲೌಡಿಗೆ ಹಾಕುವುದು ಆಗದ ಮಾತು. ಹಾಗಾಗಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೇ ಗತಿ. ಅದೂ ಎರಡು.

ಬಹಳ ಜನ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟಿರುತ್ತಾರೆ. ಮಲೆನಾಡಿನಲ್ಲಿ ಅದು ಕೂಡದು. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಗೊತ್ತಲ್ವಾ? ಸಿಡಿಲಿನ ಏಟು ಕರೆಂಟ್ ತಂತಿಯಲ್ಲೋ ಇಂಟರ್ನೆಟ್ ತಂತಿಯಲ್ಲೋ ಒಳಗೆ ಬಂದರೆ ಕಂಪ್ಯೂಟರಿನ ಜೊತೆ ಡಿಸ್ಕೂ ಸುಟ್ಟುಹೋಗಬಹುದು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಹೊಕ್ಕರೂ ಅಷ್ಟೇ, ಸಿಕ್ಕಿಸಿದ ಡಿಸ್ಕನ್ನೂ ಬಿಡುವುದಿಲ್ಲ. ಕಾಪಿ ಮುಗಿದ ಕೂಡಲೇ ಇಜೆಕ್ಟ್ ಕೊಟ್ಟು ತೆಗೆದಿಡಿ.

ಆಮೇಲೆ ಥಂಡಿ. ಜುಲೈನಲ್ಲಿ ಬಟ್ಟೆಯೇ ಒಣಗದ ಮನೆ ನಮ್ಮದು. ಡಿಸ್ಕನ್ನು ರಬ್ಬರ್ ಅಂಚಿನ ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳಿನದ್ದೇ ತಗೊಳ್ಳಿ. ಥಂಡಿ ಕುಡಿದಷ್ಟೂ ಗುಲಾಬಿಗೆ ತಿರುಗುತ್ತದೆ, ಬದಲಾಯಿಸುವ ಹೊತ್ತು ಯಾವುದೆಂದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಡಿಸ್ಕು ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯ ಬೀರುವಿನಲ್ಲಿದೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಒಂದೇ ಮನೆಯಲ್ಲಿ ನಾಲ್ಕು ಕಾಪಿ ಇಟ್ಟರೂ ಮಾಡು ಸೋರಿದರೆ ನಾಲ್ಕೂ ನೆನೆಯುತ್ತವೆ. ಹಬ್ಬಕ್ಕೋ ಮದುವೆಗೋ ಹೋದಾಗ ಇಲ್ಲಿನದನ್ನು ಅಲ್ಲಿಟ್ಟು, ಅಲ್ಲಿನದನ್ನು ತರುತ್ತೇನೆ. ತಂದದ್ದಕ್ಕೆ ಹೊಸ ಹಾಡು ಸೇರಿಸುವ ಮುಂಚೆ ಹಳೆಯ ಫೈಲು ಕೆಲವನ್ನು ತೆರೆದು, ನಡುವಿನಿಂದ ಸ್ವಲ್ಪ ಕೇಳುತ್ತೇನೆ. ಹೆಸರು ಕಾಣಿಸಿತು ಅಂದಮಾತ್ರಕ್ಕೆ ಹಾಡು ಇದೆ ಅಂತಲ್ಲ. ಡಿಸ್ಕು ಟಕ್ ಟಕ್ ಅಂದರೆ ಅದನ್ನು ಮತ್ತೆ ಮತ್ತೆ ಸಿಕ್ಕಿಸಿ ನೋಡಬೇಡಿ, ಇನ್ನೊಂದನ್ನು ಮೊದಲು ಕಾಪಿ ಮಾಡಿ.

ನಿಮ್ಮ ಅಜ್ಜಿಯ ಹಸೆ ಹಾಡೋ, ಅಪ್ಪಯ್ಯನ ತಾಳಮದ್ದಳೆಯೋ ಫೋನಿನಲ್ಲಿ ಇದ್ದರೆ ಈ ವಾರವೇ ಕೇಬಲ್ ಹಾಕಿ ಇಳಿಸಿಕೊಳ್ಳಿ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಡಿಸ್ಕ್ ಇಲ್ಲದಿದ್ದರೆ ಫೋನ್ ತಗೊಂಡು ನಮ್ಮನೆಗೆ ಬನ್ನಿ. ನನ್ನ ಡಿಸ್ಕಿನಲ್ಲಿ ಜಾಗ ಇದೆ.