ವಾಮಕುಕ್ಷಿಯ ಹೊತ್ತು

ಮೇ ತಿಂಗಳ ಬಿಸಿಲು. ಧಾರವಾಡದಲ್ಲಿ ಅಜ್ಜನ ಮನೆ ಮುಟ್ಟಿದಾಗ ಒಂದೂವರೆ. ಅಜ್ಜ ಅಂದರೆ ನಮ್ಮಮ್ಮನ ಸೋದರಮಾವ. ಜಮೀನಿನ ಕಾಗದಕ್ಕೆ ಅವರದೊಂದು ಸಹಿ ಬೇಕಿತ್ತು. ಹಾಕಿಸಿಕೊಂಡು ಮೂರರ ಬಸ್ಸಿಗೆ ಬೆಂಗಳೂರಿನ ದಾರಿ ಹಿಡಿಯುವುದು ನನ್ನ ಲೆಕ್ಕ.

ಬಾಗಿಲು ತೆಗೆದ ಅಜ್ಜಿ ದನಿ ತಗ್ಗಿಸಿದರು. "ಅವರದು ಊಟ ಆತು. ಇನ್ನ ವಾಮಕುಕ್ಷಿ. ನಾಲ್ಕರ ತನಕಾ ಮಾತಾಡಸಂಗಿಲ್ಲಪಾ."

ಯಾವುದೋ ಪೂಜೆ ಅಂದುಕೊಂಡೆ! ಕೈಕಾಲು ತೊಳೆದು ಭಕ್ತಿಯಿಂದ ಒಳಗೆ ಹೋದೆ. ಅಜ್ಜ ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಮಂತ್ರ ಅಲ್ಲ, ಹೆಜ್ಜೆ ಎಣಿಸುತ್ತಿದ್ದರು. ಉಂಡ ಮೇಲೆ ನೂರು ಹೆಜ್ಜೆ ನಡೀಬೇಕಂತೆ. ನೂರಾಯಿತು. ನನಗೆ 'ತಾಳು' ಅಂತ ಕೈಸನ್ನೆ ಮಾಡಿ, ಚಾಪೆ ಮೇಲೆ ಎಡಮಗ್ಗುಲಾಗಿ ಮಲಗಿಯೇಬಿಟ್ಟರು.

ವಾಮ ಅಂದರೆ ಎಡ, ಕುಕ್ಷಿ ಅಂದರೆ ಹೊಟ್ಟೆ. ಉಂಡು ಎಡಕ್ಕೆ ಒರಗುವುದಕ್ಕೆ ಹಳಬರ ಮಾತು. ಸ್ಪೇನಿನವರು ಮಧ್ಯಾಹ್ನದ ನಿದ್ದೆಗೆ ಅನ್ನುವ 'ಸಿಯೆಸ್ತಾ' ಬಂದಿದ್ದು ಲ್ಯಾಟಿನ್ನಿನ 'ಆರನೇ ತಾಸು' ಅನ್ನುವುದರಿಂದ. ಸೂರ್ಯ ಹುಟ್ಟಿ ಆರು ತಾಸು, ಅಂದರೆ ನಡುಮಧ್ಯಾಹ್ನ. ಅವರು ಹೊತ್ತು ನೋಡಿ ಹೆಸರಿಟ್ಟರು, ನಮ್ಮವರು ಹೊಟ್ಟೆ ನೋಡಿ.

"ಹಗಲುನಿದ್ದೆ ಒಳ್ಳೇದಲ್ಲ ಅಂತಾರಲ್ವಾ ಅಜ್ಜಿ?"

"ಬ್ಯಾಸಗ್ಯಾಗ ನಡೀತದಂತ ಚರಕ ಹೇಳ್ಯಾನಂತ. ಮಳಿಗಾಲದಾಗ ಏನಂತಾನ ಅಂತ ಕೇಳಿದ್ರ ನಿಮ್ಮಜ್ಜಗ ಕಿವಿನ ಕೇಳಸಂಗಿಲ್ಲ."

ಎಡಮಗ್ಗುಲ ಮಾತು ಮಾತ್ರ ಸುಮ್ನೆ ಅಲ್ಲ. ನನಗೆ ಎದೆಯುರಿ ಜಾಸ್ತಿ. ಡಾಕ್ಟರು ಹೇಳಿದ್ದೂ ಇದನ್ನೇ. ಎಡಕ್ಕೆ ಮಲಗಿದರೆ ಅನ್ನನಾಳ ಸೇರುವ ಜಾಗ ಹೊಟ್ಟೆಯೊಳಗಿನ ಆಮ್ಲಕ್ಕಿಂತ ಮೇಲಿರುತ್ತದೆ, ಹುಳಿ ಗಂಟಲಿಗೆ ಏರುವುದು ಕಡಿಮೆ. ಅದಕ್ಕೆ ನಾನು ದುಡ್ಡು ಕೊಟ್ಟು ಬಂದಿದ್ದೆ.

ಅಜ್ಜಿ ಜೋಳದ ರೊಟ್ಟಿ, ಎಣಗಾಯಿ ಬಡಿಸಿದರು. ಮೇಲೆ ಮೊಸರನ್ನ. ಎದ್ದು ನಾನೂ ಹೆಜ್ಜೆ ಎಣಿಸಿದೆ. ನಲವತ್ತಕ್ಕೇ ಕಣ್ಣು ಎಳೆಯತೊಡಗಿತು. ಅಜ್ಜಿ ಇನ್ನೊಂದು ಚಾಪೆ ಹಾಸಿದರು. ಆಫೀಸಿನ ಮೆಸೇಜುಗಳಿಗೆ ಗುರುಗುಡುತ್ತಿದ್ದ ಫೋನನ್ನು ಬೋರಲು ಹಾಕಿ ಎಡಕ್ಕೆ ಹೊರಳಿದೆ. ಹತ್ತು ನಿಮಿಷ ಅಷ್ಟೇ ಅಂದುಕೊಂಡಿದ್ದೆ. ಅಜ್ಜನ ಗೊರಕೆ ಕೇಳಿದ್ದಷ್ಟೇ ನೆನಪು.

ಎದ್ದಾಗ ನಾಲ್ಕೂವರೆ. ಮೂರರ ಬಸ್ಸು ಹೋಗಿ ಯಾವ ಕಾಲ ಆಗಿತ್ತೋ! ಅಜ್ಜ ಚಹಾ ಮುಗಿಸಿ, ಕನ್ನಡಕ ಏರಿಸಿ ಕಾಗದ ಓದುತ್ತಾ ಕೂತಿದ್ದರು. ತಲೆಯೆತ್ತಿ ನನ್ನ ಮುಖ ದಿಟ್ಟಿಸಿದರು.

"ಚಾಪಿ ಗುರುತು ಬಲಗಲ್ಲದ ಮ್ಯಾಲೆ ಅದನಲ್ಲೋ. ಇದು ವಾಮಕುಕ್ಷಿ ಅಲ್ಲ, ಬರೇ ನಿದ್ದಿ."