ಗೋ ಆಟದಲ್ಲಿ ಮೊದಲು ಎಣಿಸಬೇಕಾದದ್ದು ಉಸಿರು

ಕಪ್ಪು, ಬಿಳಿ ಕಾಯಿಗಳನ್ನಿಟ್ಟು ಜಾಗ ಸುತ್ತುವರಿದು ಗೆಲ್ಲುವ ಗೋ ಆಟವನ್ನು ಕಲಿಯತೊಡಗಿದ ಮೊದಲ ಕೆಲವು ತಿಂಗಳು ನಾನು ದೊಡ್ಡ ಮಣೆಯಲ್ಲಿಯೇ ಆಡುತ್ತಿದ್ದೆ. ಅಡ್ಡಲಾಗಿ 19, ಉದ್ದಕ್ಕೆ 19 ಗೆರೆಗಳು ಕೂಡುವ 361 ಬಿಂದುಗಳಲ್ಲಿ ಎಲ್ಲಿ ಬೇಕಾದರೂ ಕಾಯಿ ಇಡಬಹುದಾದ ಈ ಆಟದಲ್ಲಿ, ಪರಿಣತರು ಮೂಲೆಗಳಲ್ಲಿ ಆಡುವ ‘ಜೋಸೆಕಿ’ ಎಂಬ ನಡೆಗಳ ಸರಣಿಗಳನ್ನು ಬಾಯಿಪಾಠ ಮಾಡಿದರೆ ಸಾಕೆಂದು ನಂಬಿದ್ದೆ. ಎದುರಾಳಿ ಸರಣಿಯಿಂದ ಆಚೆಗೆ ಒಂದು ಕಾಯಿ ಇಟ್ಟ ಕೂಡಲೇ ಮುಂದೇನು ಮಾಡಬೇಕೆಂದು ತೋಚುತ್ತಿರಲಿಲ್ಲ.

9 ಗೆರೆಗಳ ಮಣೆಗೆ ಇಳಿದ ಮೇಲೆ ಕೊರತೆ ಎಲ್ಲಿದೆ ಎಂಬುದು ಕಣ್ಣಿಗೆ ಬಿತ್ತು. ಅಲ್ಲಿ ಆಟ ಬೇಗ ಮುಗಿಯುತ್ತದೆ. ಸೋತದ್ದು ಯಾವ ನಡೆಯಿಂದ ಎಂಬುದು ನೆನಪಿರುವಾಗಲೇ ಮತ್ತೊಂದು ಆಟಕ್ಕೆ ಕೂರಬಹುದು. ಕಾಯಿಗೆ ತಾಗಿದಂತೆ ಗೆರೆಗಳ ಮೇಲಿರುವ ಖಾಲಿ ಬಿಂದುಗಳನ್ನು ಇಂಗ್ಲಿಷಿನಲ್ಲಿ ಲಿಬರ್ಟಿ ಎನ್ನುತ್ತಾರೆ. ಚೀನೀ ಭಾಷೆಯಲ್ಲಿ ಅದಕ್ಕಿರುವ ‘ಚಿ’ ಎಂಬ ಪದಕ್ಕೆ ಗಾಳಿ, ಉಸಿರು ಎಂಬ ಅರ್ಥವಿದೆ. ನನಗೆ ಉಸಿರು ಎಂಬುದೇ ಹಿಡಿಸಿತು. ಒಂಟಿ ಕಾಯಿಗೆ ಮಣೆಯ ನಡುವೆ ನಾಲ್ಕು ಉಸಿರು, ಅಂಚಿನಲ್ಲಿ ಮೂರು, ಮೂಲೆಯಲ್ಲಿ ಎರಡೇ. ಎದುರಾಳಿ ಎಲ್ಲವನ್ನೂ ಮುಚ್ಚಿದರೆ ಕಾಯಿ ಸೆರೆ. ಗೆರೆಯ ಮೇಲೆ ಒಂದಕ್ಕೊಂದು ತಾಗಿರುವ ಒಂದೇ ಬಣ್ಣದ ಕಾಯಿಗಳು ಗುಂಪಾಗಿ ಉಸಿರನ್ನು ಹಂಚಿಕೊಳ್ಳುತ್ತವೆ. ಪ್ರತಿ ನಡೆಗೂ ಮುನ್ನ ನನ್ನ ಗುಂಪಿಗೆಷ್ಟು, ಎದುರಾಳಿಯ ಗುಂಪಿಗೆಷ್ಟು ಎಂದು ಎಣಿಸುವ ಅಭ್ಯಾಸವು ನನಗೆ ಜೋಸೆಕಿಗಳೆಲ್ಲವೂ ಸೇರಿ ಕೊಡದಷ್ಟು ಕೊಟ್ಟಿದೆ.

ಆ ಅಭ್ಯಾಸ ಹುಟ್ಟಿದ್ದು ಒಂದು ಆಟದಿಂದ. ಒಂದೇ ಉಸಿರು ಉಳಿದಿದ್ದ ನನ್ನ ಕಪ್ಪು ಕಾಯಿಯ ಪಕ್ಕಕ್ಕೆ ಇನ್ನೊಂದನ್ನು ಜೋಡಿಸಿದೆ; ಉಸಿರು ಎರಡಾಯಿತು. ಎದುರಾಳಿ ಒಂದನ್ನು ಮುಚ್ಚಿದರು. ಮತ್ತೆ ಜೋಡಿಸಿದೆ, ಮತ್ತೆ ಎರಡು, ಮತ್ತೆ ಒಂದು. ಲ್ಯಾಡರ್ ಎಂದು ಕರೆಯುವ ಈ ಓಟ ಮೆಟ್ಟಿಲು ಮೆಟ್ಟಿಲಾಗಿ ಅಂಚನ್ನು ತಲುಪಿದಾಗ ಎಂಟು ಕಾಯಿಗಳು ಒಟ್ಟಿಗೆ ಹೋದವು. ಓಡುವ ದಾರಿಯಲ್ಲಿ ತನ್ನದೇ ಕಾಯಿಯೊಂದು ಕಾದಿದ್ದರೆ ಮಾತ್ರ ಇಂಥ ಓಟಕ್ಕೆ ಇಳಿಯಬಹುದು.

ಉಸಿರಿನ ಬಳಿಕ ಕಲಿಯಬೇಕಾದದ್ದು ಗುಂಪಿನ ಸಾವು ಬದುಕು. ಗುಂಪು ತನ್ನೊಳಗೆ ಸುತ್ತುವರಿದ ಖಾಲಿ ಜಾಗವೇ ‘ಕಣ್ಣು’; ಬೇರೆ ಬೇರೆಯಾದ ಎರಡು ಕಣ್ಣುಗಳಿದ್ದರೆ ಎದುರಾಳಿ ಎರಡನ್ನೂ ಒಟ್ಟಿಗೆ ಮುಚ್ಚಲಾಗದು, ಗುಂಪು ಬದುಕುತ್ತದೆ. ಸುತ್ತುವರಿಯಲ್ಪಟ್ಟ ಗುಂಪಿನೊಳಗೆ ಸಾಲಾಗಿ ಮೂರು ಖಾಲಿ ಬಿಂದುಗಳಿದ್ದರೆ, ನಡುವಿನ ಬಿಂದುವಿನಲ್ಲಿ ಯಾರು ಮೊದಲು ಆಡುತ್ತಾರೋ ಅವರ ಇಚ್ಛೆಯಂತೆ ಅದು ಉಳಿಯುತ್ತದೆ ಅಥವಾ ಸಾಯುತ್ತದೆ. ಸಾಲಾಗಿ ನಾಲ್ಕಿದ್ದರೆ ಗುಂಪು ಬದುಕಿದಂತೆಯೇ. ಅದೇ ನಾಲ್ಕು ಚೌಕವಾಗಿದ್ದರೆ ತಾನೇ ಮೊದಲು ಆಡಿದರೂ ಎರಡು ಕಣ್ಣು ಮಾಡಲಾಗದು. ಇಂಥ ಸುಲಭ ಸಮಸ್ಯೆಗಳನ್ನು, ಜಪಾನೀಯರು ‘ತ್ಸುಮೆಗೋ’ ಎನ್ನುವವನ್ನು, ಕಾಯಿ ಮುಟ್ಟದೆ ಮನಸ್ಸಿನಲ್ಲಿಯೇ ದಿನಕ್ಕೆ ಹತ್ತರಂತೆ ಬಿಡಿಸುವುದು ಒಂದು ಕಠಿಣ ಸಮಸ್ಯೆಯೊಡನೆ ಗಂಟೆಗಟ್ಟಲೆ ಹೆಣಗುವುದಕ್ಕಿಂತ ಮೇಲು.

ಇನ್ನು ಗೋ ಆಡುವ ಕಟಾಗೋದಂಥ ತಂತ್ರಾಂಶ. ಅದು ಉತ್ತಮ ನಡೆಯನ್ನು ತೋರಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. ಆದ್ದರಿಂದ ಆಟ ಮುಗಿದ ಮೇಲೆ ಎದುರಾಳಿಯೊಡನೆ ಕುಳಿತು ನಡೆಗಳನ್ನು ಮರಳಿ ಜೋಡಿಸುವುದನ್ನೇ ನಾನು ಹೆಚ್ಚು ನೆಚ್ಚುತ್ತೇನೆ. ಎಂಟು ಕಾಯಿ ಕಳೆದುಕೊಂಡ ಆ ದಿನ ಎದುರಾಳಿ ನನ್ನ ಓಟದ ಕಾಯಿಗಳನ್ನೆಲ್ಲ ಎತ್ತಿ, ಮೊದಲನೆಯದನ್ನಷ್ಟೇ ಉಳಿಸಿ, “ಇದನ್ನು ಬಿಟ್ಟುಕೊಟ್ಟು ಆ ನಡೆಯನ್ನು ಬೇರೆಡೆ ಆಡಿ ನೋಡೋಣವೇ?” ಎಂದರು. ಗೆದ್ದುಕೊಂಡ ಜಾಗವನ್ನು ಕೊರಿಯನ್ನರು ‘ಮನೆ’ ಎಂಬ ಅರ್ಥದ ‘ಜಿಪ್’ ಎಂಬ ಪದದಿಂದ ಎಣಿಸುತ್ತಾರೆ. ಅಲ್ಲಿಂದ ಮುಂದುವರಿಸಿದ ಆಟದಲ್ಲಿ ನಾನು ಸೋತದ್ದು ಮೂರೇ ಮನೆಗಳಿಂದ.