ಡಾಕ್ಟರು ಬದಲಾದಾಗ, ಭೇಟಿ ಮೂರು ತಿಂಗಳಿಗೊಮ್ಮೆ ಆದಾಗ

"ಆರಾಮ ಅದೀರಿ, ಇನ್ನ ಮೂರು ತಿಂಗಳಿಗೊಮ್ಮೆ ಬರ್ರಿ." ಹೊಸ ಮನೋವೈದ್ಯರು ಹೀಗೆ ಹೇಳಿದರೆ ಬಹಳ ಮಂದಿಗೆ ಖುಷಿಗಿಂತ ಮೊದಲು ಅಂಜಿಕೆ ಆಗುತ್ತದೆ. ಆ ಅಂಜಿಕೆಗೆ ಕಾರಣ ಇದೆ. ತಿಂಗಳಿಗೊಮ್ಮೆ ಎದುರು ಕೂತಾಗ ಕೈ ನಡುಗುವುದು, ಮಾತಿನ ವೇಗ, ಏರಿದ ತೂಕ ಎಲ್ಲವೂ ಹಳೆಯ ಡಾಕ್ಟರ ಕಣ್ಣಿಗೆ ತಾನಾಗಿ ಬೀಳುತ್ತಿತ್ತು. ಇನ್ನು ಮುಂದೆ ಅದನ್ನೆಲ್ಲ ಮನೆಯವರೇ ಗಮನಿಸಿ, ಬರೆದಿಟ್ಟು, ಒಯ್ದು ತೋರಿಸಬೇಕು.

ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್, ಹುಬ್ಬಳ್ಳಿಯ ಕಿಮ್ಸ್‌ನಂಥ (ಈಗ ಕೆಎಂಸಿಆರ್‌ಐ) ಕಲಿಸುವ ಆಸ್ಪತ್ರೆಗಳಲ್ಲಿ ಪಿಜಿ ಡಾಕ್ಟರುಗಳು ಬದಲಾಗುತ್ತಲೇ ಇರುತ್ತಾರೆ. ಹಾಗಾಗಿ ನಿಮ್ಮ ಚರಿತ್ರೆ ಯಾರದೋ ನೆನಪಿನಲ್ಲಿ ಉಳಿಯದೆ ನಿಮ್ಮ ಫೈಲಿನಲ್ಲಿರಲಿ. ಮೊದಲ ಭೇಟಿಗೆ ಒಂದೇ ಹಾಳೆ ಸಾಕು: ಈಗಿನ ಗುಳಿಗೆಗಳು, ಎಷ್ಟು ಮಿ.ಗ್ರಾಂ, ಯಾವ ವೇಳೆ. ಹಿಂದೆ ಕೊಟ್ಟು ಬಿಡಿಸಿದ ಔಷಧಗಳು ಮತ್ತು ಬಿಡಿಸಿದ ಕಾರಣ. ಅಡ್ಮಿಟ್ ಆದ ವರ್ಷಗಳು. ಬಿಪಿ, ಶುಗರ್, ಥೈರಾಯ್ಡ್ ಗುಳಿಗೆಗಳು. ಕಂಪನಿಯ ಹೆಸರಿಗಿಂತ ಔಷಧದ ಮೂಲ ಹೆಸರು ಬರೆಯಿರಿ, ಗುಳಿಗೆಯ ಪಟ್ಟಿಯನ್ನೂ (ಸ್ಟ್ರಿಪ್) ಒಯ್ಯಿರಿ. ಬೈಪೋಲಾರ್ ಕಾಯಿಲೆಗೆ (ಮನಸ್ಸು ಅತಿಯಾಗಿ ಏರಿ ಇಳಿಯುವುದು) ಕೊಡುವ ಲಿಥಿಯಂ 300ರ ಸಾದಾ ಗುಳಿಗೆಯೇ ಬೇರೆ, 400ರ ಎಸ್‌ಆರ್ (ನಿಧಾನವಾಗಿ ಕರಗುವ) ಗುಳಿಗೆಯೇ ಬೇರೆ. ಬಾಯಿಮಾತಿನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಹಳೆಯ ಕಡೆ ದಾಖಲೆ ಕೇಳಲು ಮುಜುಗರ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಆ ಹಕ್ಕು ಕೊಟ್ಟಿದೆ. ಬರವಣಿಗೆಯಲ್ಲಿ ಕೇಳಿ.

ಹೊಸಬರು ಮೊದಲಿಂದ ಎಲ್ಲ ಕೇಳುತ್ತಾರೆ, ಬೇಸರಪಡಬೇಡಿ. ಔಷಧ ಬದಲಿಸಿದರೆ ಮಾತ್ರ ಕೇಳಲೇಬೇಕು: ಯಾಕೆ, ಎಷ್ಟು ದಿನಕ್ಕೆ ಗುಣ ಗೊತ್ತಾಗುತ್ತದೆ, ನಡುವೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಡೋಸ್ ಬದಲಾದ ದಿನವೇ ಭೇಟಿಯ ಅಂತರವನ್ನೂ ಹಿಗ್ಗಿಸುವುದು ನಮ್ಮ ಮಟ್ಟಿಗೆ ಸರಿಯಲ್ಲ. ಬದಲಾವಣೆಯ ನಂತರ ಎರಡರಿಂದ ನಾಲ್ಕು ವಾರಕ್ಕೆ ಒಂದು ಭೇಟಿ ಕೇಳಿ ಪಡೆಯಿರಿ.

ಲಿಥಿಯಂ ತೆಗೆದುಕೊಳ್ಳುವವರ ಮಾತು ಬೇರೆಯೇ. ಡಾಕ್ಟರ ಭೇಟಿ ದೂರವಾದರೂ ರಕ್ತಪರೀಕ್ಷೆ ದೂರವಾಗಬಾರದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಮಟ್ಟ ಸ್ಥಿರವಾದ ಮೇಲೆ ಆರು ತಿಂಗಳಿಗೊಮ್ಮೆ ಲಿಥಿಯಂ ಮಟ್ಟ ನೋಡಿಸಬೇಕು. ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಥೈರಾಯ್ಡ್, ಕ್ಯಾಲ್ಸಿಯಂ ಆರು ತಿಂಗಳಿಗೊಮ್ಮೆ. ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಇನ್ನೂ ಬೇಗ ಬೇಗ. ರಕ್ತ ಕೊಡಬೇಕಾದ್ದು ಕೊನೆಯ ಗುಳಿಗೆ ನುಂಗಿದ 12 ತಾಸಿಗೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಕೊಡಿ. ಬೆಳಗಿನ ಗುಳಿಗೆ ಇದ್ದರೆ ಅದು ರಕ್ತ ಕೊಟ್ಟ ಮೇಲೆ. ಹಾವೇರಿಯಿಂದ ನಸುಕಿನ ಬಸ್ಸು ಹಿಡಿಯುವ ಅವಸರದಲ್ಲಿ ಗುಳಿಗೆ ನುಂಗಿಯೇ ಹೊರಟು, ಹುಬ್ಬಳ್ಳಿಯ ಲ್ಯಾಬಿನಲ್ಲಿ ಕೈ ಚಾಚಿದರೆ ಮಟ್ಟ ಸುಳ್ಳೇ ಏರಿದಂತೆ ಕಾಣುತ್ತದೆ. ನಿಮ್ಮನ್ನು ಇನ್ನೂ ಅರಿಯದ ಡಾಕ್ಟರು ಅದನ್ನು ನೋಡಿ ಡೋಸ್ ಇಳಿಸಿದರೆ ಹತೋಟಿಯಲ್ಲಿದ್ದ ಕಾಯಿಲೆ ಮತ್ತೆ ಕೆರಳಬಹುದು. ಕೊನೆಯ ಗುಳಿಗೆ ನುಂಗಿದ ವೇಳೆಯನ್ನು ರಿಪೋರ್ಟಿನ ಮೇಲೆ ಪೆನ್ನಿನಲ್ಲಿ ಬರೆದುಬಿಡಿ.

ಮಟ್ಟ ನಿಜವಾಗಿ ಏರುವುದೂ ಉಂಟು. ಮೊಣಕಾಲು ನೋವಿಗೆ ಊರಲ್ಲಿ ಹಾಕಿಸಿಕೊಳ್ಳುವ ಡೈಕ್ಲೋಫೆನಾಕ್ ಇಂಜೆಕ್ಷನ್, ಐಬುಪ್ರೊಫೆನ್, ಬಿಪಿಗೆ ಕೊಡುವ ಕೆಲವು ಗುಳಿಗೆ, ಇವು ಕಿಡ್ನಿ ಲಿಥಿಯಂ ಹೊರಹಾಕುವುದನ್ನು ತಗ್ಗಿಸುತ್ತವೆ. ಗದಗಿನ ಏಪ್ರಿಲ್ ಬಿಸಿಲಿನ ಬೆವರು, ವಾಂತಿ-ಭೇದಿ, ನೀರೂ ಕುಡಿಯದ ಉಪವಾಸ, ಒಮ್ಮೆಲೇ ಉಪ್ಪು ಬಿಡುವುದು ಕೂಡ ಹಾಗೆಯೇ. ನೋವಿಗೆ ಪ್ಯಾರಾಸಿಟಮಾಲ್ ಸಾಕೇ ಎಂದು ಕೇಳಿ. ಕೈ ಜೋರಾಗಿ ನಡುಗಿ, ನಡಿಗೆ ತೂರಾಡಿ, ನಾಲಿಗೆ ತೊದಲಿ, ವಾಂತಿ ಹತ್ತಿದರೆ ಮುಂದಿನ ಗುಳಿಗೆ ನುಂಗದೆ ಆಗಿಂದಾಗಲೇ ದವಾಖಾನೆಗೆ ಹೋಗಿ.

ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡುವ ಓಲಾಂಜಪಿನ್‌ನಂಥವಕ್ಕೆ ತೂಕ, ಸೊಂಟದ ಸುತ್ತಳತೆ, ಉಪವಾಸದ ಶುಗರ್, ಕೊಬ್ಬಿನಂಶ ನೋಡಿಸಬೇಕು. ತೂಕ ಮನೆಯಲ್ಲೇ ತಿಂಗಳಿಗೊಮ್ಮೆ ಬರೆದಿಡಿ. ಅದೇ ಗುಂಪಿನ ಕ್ಲೋಜಪಿನ್‌ಗೆ ರಕ್ತಕಣ ಎಣಿಕೆಯ ತಾರೀಕು ಭೇಟಿಯ ಜೊತೆ ಮುಂದೆ ಹೋಗುವಂತಿಲ್ಲ. ಕ್ಲೋಜಪಿನ್ ಗುಳಿಗೆ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸಿಗೆ ತಾವೇ ಮರಳಬಾರದು, ಡಾಕ್ಟರು ಕಡಿಮೆ ಡೋಸಿನಿಂದ ಮತ್ತೆ ಶುರು ಮಾಡಬೇಕಾಗುತ್ತದೆ.

ಇನ್ನು ಗುಳಿಗೆಯ ಲೆಕ್ಕ. ದಿನಕ್ಕೆ ಎರಡರಂತೆ 90 ದಿನಕ್ಕೆ 180, ಅಂದರೆ ಹತ್ತರ 18 ಪಟ್ಟಿ. ಚೀಟಿ ಮೂರು ತಿಂಗಳದ್ದಿದ್ದರೂ ಕೌಂಟರಿನಲ್ಲಿ ಒಂದು ತಿಂಗಳದ್ದೇ ಸಿಗಬಹುದು. ಉಳಿದದ್ದು ನಿಮ್ಮ ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯದ) ಕ್ಲಿನಿಕ್‌ನಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಒಂದು ವಾರದ್ದು ಉಳಿದಿರುವಾಗಲೇ ಹೊರಡಿ. ಖಿನ್ನತೆಗೆ ಕೊಡುವ ಎಸಿಟಲೋಪ್ರಾಮ್, ಅದಕ್ಕಿಂತ ಹೆಚ್ಚಾಗಿ ವೆನ್ಲಫಾಕ್ಸಿನ್ ಒಮ್ಮೆಲೇ ನಿಂತರೆ ಎರಡು ಮೂರು ದಿನದೊಳಗೆ ತಲೆ ತಿರುಗುವುದು, ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದು ಶುರುವಾಗಬಹುದು. ಆತಂಕಕ್ಕೆ, ನಿದ್ದೆಗೆ ಕೊಡುವ ಕ್ಲೋನಾಜೆಪಾಮ್ ಡಾಕ್ಟರ ಚೀಟಿಗೇ ಮಾರಬೇಕಾದ ಔಷಧ. ಹಳೆ ಚೀಟಿಗೆ ಅಂಗಡಿಯವರು ಕೊಡದಿದ್ದರೆ ಅವರ ತಪ್ಪಲ್ಲ. ಸಾಯುವ ವಿಚಾರ ಬರುತ್ತಿರುವವರ ಮನೆಯಲ್ಲಿ ಮೂರು ತಿಂಗಳ ದಾಸ್ತಾನು ಇಡಲೇಬಾರದು. ಅಂಥವರಿಗೆ ವಾರದ್ದು ವಾರಕ್ಕೆ ಕೊಡಿಸಲು ಡಾಕ್ಟರಿಗೆ ಹೇಳಿ, ಅದನ್ನೂ ಇನ್ನೊಬ್ಬರು ಕೀಲಿ ಹಾಕಿ ಇಡಲಿ.

ಗೋಡೆಯ ಕ್ಯಾಲೆಂಡರಿನ ಮೇಲೆ ದಿನಾ ಎರಡೇ ಗುರುತು ಸಾಕು: ಎಷ್ಟು ತಾಸು ನಿದ್ದೆ, ಗುಳಿಗೆ ಆಯಿತೋ ಇಲ್ಲವೋ. ಬೈಪೋಲಾರ್ ಇದ್ದವರು ಎರಡು ರಾತ್ರಿ ನಾಲ್ಕೇ ತಾಸು ಮಲಗಿ, ದಣಿವಿಲ್ಲದೆ ಓಡಾಡಿದರೆ ತಾರೀಕಿಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಫೋನ್ ಹತ್ತದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಪುಕ್ಕಟೆ, ದಿನದ 24 ತಾಸು, ಕನ್ನಡದಲ್ಲಿ ಮಾತಾಡಬಹುದು. ಜೀವಕ್ಕೆ ಅಪಾಯ ಅನಿಸಿದರೆ ಸೀದಾ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ, ಮೊದಲ ಭೇಟಿಗೆ ಬರೆದ ಹಾಳೆಯನ್ನೂ ಗುಳಿಗೆ ಪಟ್ಟಿಗಳನ್ನೂ ಜೊತೆಗೆ ಒಯ್ಯಿರಿ.